ಆಸ್ಪತ್ರೆಯಿಂದ ಮೈದಾನಕ್ಕೆ ಎಷ್ಟು ದೂರ?

ಸೊಂಟದ ಕೆಳಗೆ ಸ್ವಾಧೀನವಿಲ್ಲದವರು ಹಿಮದ ಇಳಿಜಾರಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ ಜಾರಿ ಬರುತ್ತಾರೆ ಎಂದರೆ ನಂಬಲು ಕೊಂಚ ಹೊತ್ತು ಬೇಕು. ಅವರು ಕೂತಿರುವ ಸಾಧನದ ಹೆಸರು ಮೊನೊ-ಸ್ಕೀ. ಮೈಯಳತೆಗೆ ಅಚ್ಚು ಹೊಯ್ದ ಬಕೆಟ್ಟಿನಂಥ ಸೀಟು, ಅದರಡಿ ಲೋಹದ ಚೌಕಟ್ಟು, ಚೌಕಟ್ಟಿಗೆ ಮೋಟಾರ್ ಬೈಕಿನಲ್ಲಿ ಇರುವಂಥದ್ದೇ ಶಾಕ್ ಅಬ್ಸಾರ್ಬರ್, ಎಲ್ಲದರ ಬುಡಕ್ಕೆ ಒಂದೇ ಒಂದು ಸ್ಕೀ ಹಲಗೆ. ಎರಡೂ ಕೈಗೆ ಮೊಣಕೈ ಹಿಡಿಯುವ ಊರುಗೋಲು, ಕೋಲಿನ ತುದಿಗೆ ಇನ್ನೊಂದು ಗಿಡ್ಡ ಸ್ಕೀ. ಇದನ್ನು ಔಟ್‌ರಿಗ್ಗರ್ ಎನ್ನುತ್ತಾರೆ. ಭುಜ, ಬೆನ್ನು ವಾಲಿದತ್ತ ಹಲಗೆ ತಿರುಗುತ್ತದೆ. ಔಟ್‌ರಿಗ್ಗರ್ ಪಕ್ಕದ ಆಸರೆಯಾಗುತ್ತದೆ. ಬಿದ್ದರೆ ಅದನ್ನೇ ಊರಿಕೊಂಡು ಏಳಬೇಕು. ಗುಡ್ಡ ಹತ್ತಲು ತೂಗುಕುರ್ಚಿಯ ಲಿಫ್ಟ್ ಬಂದಾಗ ಚೌಕಟ್ಟಿನ ಕೀಲು ಬಿಡಿಸಿ ಸೀಟನ್ನು ಮೇಲಕ್ಕೆತ್ತಿಕೊಂಡರೆ ಲಿಫ್ಟಿನ ಕುರ್ಚಿ ಅದರ ಕೆಳಗೆ ನುಸುಳಿ ಎತ್ತಿಕೊಂಡು ಹೋಗುತ್ತದೆ.

ಒಂದು ಕಾಲು ಇಲ್ಲದವರಿಗೆ ಬೇರೆ ಏರ್ಪಾಟು: ಇರುವ ಕಾಲಿಗೊಂದು ಸ್ಕೀ, ಕೈಗೆರಡು ಔಟ್‌ರಿಗ್ಗರ್. ಹಿಮದ ಮೇಲೆ ಮೂರು ಗೆರೆ ಬೀಳುವ ಕಾರಣ ಅದು ತ್ರೀ-ಟ್ರ್ಯಾಕ್. ಸೆರಿಬ್ರಲ್ ಪಾಲ್ಸಿಯಿಂದ ಕಾಲಿನ ಹಿಡಿತ ಕಡಿಮೆಯಾದವರು ಎರಡೂ ಕಾಲಿಗೆ ಸ್ಕೀ ಕಟ್ಟಿ ಫೋರ್-ಟ್ರ್ಯಾಕ್‌ನಲ್ಲಿ ಹೋಗುತ್ತಾರೆ. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿ ತೋಳಿನಲ್ಲೂ ಬಲವಿಲ್ಲದವರಿಗೆ ಎರಡು ಹಲಗೆಯ ಬೈ-ಸ್ಕೀ. ಹಿಂದಿನಿಂದ ತರಬೇತುದಾರ ಹಗ್ಗ ಹಿಡಿದು ವೇಗ ತಗ್ಗಿಸುತ್ತಾನೆ, ತಿರುವು ಕೊಡುತ್ತಾನೆ. ಕಣ್ಣು ಕಾಣದವರ ಮುಂದೆ ಗೈಡ್ ಜಾರುತ್ತಾ ಹೆಲ್ಮೆಟ್ಟಿನ ಮೈಕಿನಲ್ಲಿ ದಾರಿ ಹೇಳುತ್ತಾನೆ. ಪದಕ ಬಂದರೆ ಗೈಡ್‌ಗೂ ಪದಕ.

ಅಪಾಯಗಳೂ ಬೇರೆಯೇ. ಸ್ಪರ್ಶವಿಲ್ಲದ ಕಾಲು ಮರಗಟ್ಟಿದರೆ ಅದರ ಯಜಮಾನನಿಗೆ ಗೊತ್ತಾಗುವುದಿಲ್ಲ; ಆಗಾಗ ನಿಲ್ಲಿಸಿ ಬೆರಳುಗಳ ಬಣ್ಣ ನೋಡಬೇಕು. ಸೀಟು ಒತ್ತಿದ ಕಡೆ ಹುಣ್ಣಾದರೆ ತಿಂಗಳುಗಟ್ಟಲೆ ವಾಸಿಯಾಗದು. ಹಾಗಾಗಿ ಈ ಆಟದಲ್ಲಿ ಧೈರ್ಯಕ್ಕಿಂತ ಮೊದಲು ಬೇಕಾಗುವುದು ಅಳತೆಗೆ ಕೂರುವ ಸೀಟು ಮತ್ತು ವಿಷಯ ಬಲ್ಲ ಒಬ್ಬ ಶಿಕ್ಷಕ.

ಹಿಮವೇ ಬೀಳದ ಹುಬ್ಬಳ್ಳಿ-ಧಾರವಾಡಕ್ಕೆ ಇದರಿಂದ ಏನಾಗಬೇಕಿದೆ ಎಂದು ಯಾರಾದರೂ ಕೇಳಬಹುದು. ಅಂಗವಿಕಲರ ಕ್ರೀಡೆಗಳಲ್ಲಿ ಉಪಕರಣ, ದಾರಿ, ಜತೆಗಾರ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾದ ಆಟ ಇದು. ಇಷ್ಟು ಕಷ್ಟದ್ದೇ ಎಲ್ಲೋ ಒಂದು ಕಡೆ ಸಾಧ್ಯವಾಗಿದ್ದರೆ ಅದಕ್ಕೆ ಯಾರು ಏನು ಮಾಡಿದರು ಎಂದು ನೋಡುವುದು ಲಾಭದ ಕೆಲಸ. ಹಾಗೆ ನೋಡುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಕತೆ ಮೈದಾನದಲ್ಲಿ ಶುರುವಾಗುವುದಿಲ್ಲ, ಆಸ್ಪತ್ರೆಯಲ್ಲಿ ಶುರುವಾಗುತ್ತದೆ.

ಎರಡನೆಯ ಮಹಾಯುದ್ಧ ಯುರೋಪಿನ ಗುಡ್ಡಗಾಡಿನ ಊರುಗಳಿಗೆ ಕಾಲು ಕಳೆದುಕೊಂಡ ಯುವಕರನ್ನು ಸಾಲುಸಾಲಾಗಿ ವಾಪಸು ಕಳಿಸಿತು. ಅವರಲ್ಲಿ ಎಷ್ಟೋ ಮಂದಿ ನಡೆಯಲು ಕಲಿತ ಹೊತ್ತಿಗೇ ಸ್ಕೀ ಮೇಲೆ ಜಾರಲು ಕಲಿತವರು. ಗ್ರೆನೇಡ್ ಸಿಡಿದು ಎರಡೂ ಕಾಲು ಹೋದ ಆಸ್ಟ್ರಿಯಾದ ಸೆಪ್ ಸ್ವಿಕ್‌ನಾಗೆಲ್ ಕೃತಕ ಕಾಲುಗಳಲ್ಲೇ ಮತ್ತೆ ಸ್ಕೀ ಕಲಿತು ಇತರರಿಗೆ ಕಲಿಸುವವರಾದರು. ಅದೇ ಕಾಲಕ್ಕೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಡಾ. ಲುಡ್ವಿಗ್ ಗುಟ್‌ಮನ್ ಆಟವನ್ನು ಚಿಕಿತ್ಸೆಯ ಪಟ್ಟಿಗೆ ಸೇರಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯ 16 ಮಂದಿ ಮಾಜಿ ಸೈನಿಕರು ಆಸ್ಪತ್ರೆಯ ಅಂಗಳದಲ್ಲಿ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. 1960ರ ರೋಮ್ ಪ್ಯಾರಾಲಿಂಪಿಕ್ಸ್‌ಗೆ ಬೇರು ಅದೇ ಅಂಗಳ.

ಸ್ಕೀಯಿಂಗ್ ಸೈನಿಕರ ಕೈಯಿಂದ ಮಕ್ಕಳ ಕೈಗೆ ಬಂದದ್ದು 1970ರಲ್ಲಿ. ಅಮೆರಿಕದ ಡೆನ್ವರ್‌ನ ಮಕ್ಕಳ ಆಸ್ಪತ್ರೆಯವರು ಕೈಕಾಲು ಕಳೆದುಕೊಂಡ 23 ಮಕ್ಕಳನ್ನು ವಿಂಟರ್ ಪಾರ್ಕ್ ಎಂಬ ಸ್ಕೀ ತಾಣಕ್ಕೆ ಕರೆದೊಯ್ದರು. ಕಲಿಸಲು ಒಪ್ಪಿದ ಶಿಕ್ಷಕ ಹ್ಯಾಲ್ ಓ'ಲಿಯರಿ. ಒಂದು ಸಲದ ಪಾಠ ಎಂದುಕೊಂಡದ್ದು ನಿಲ್ಲಲಿಲ್ಲ. ಅದೇ ಬೆಳೆದು ನ್ಯಾಷನಲ್ ಸ್ಪೋರ್ಟ್ಸ್ ಸೆಂಟರ್ ಫಾರ್ ದಿ ಡಿಸೇಬಲ್ಡ್ ಆಯಿತು. ಅಲ್ಲಿ ಮೂಡಿದ ಹೊಸ ರೂಢಿಯೆಂದರೆ ಸ್ಕೀ ಬಯಸುವ ಅಂಗವಿಕಲರು ಸ್ವಂತ ಉಪಕರಣ ಕೊಳ್ಳಬೇಕಿಲ್ಲ. ಬಂದರೆ ಸಾಕು; ಅಳತೆ ನೋಡಿ ಸಾಧನ ಕೊಡುತ್ತಾರೆ, ಪಕ್ಕದಲ್ಲಿ ಶಿಕ್ಷಕರು ಇರುತ್ತಾರೆ. ಚಾಂಪಿಯನ್ ಆಗುವ ಆಸೆ ಇಲ್ಲದವರೂ ಒಂದು ದಿನ ಜಾರಿ ನೋಡಿ ಹೋಗಬಹುದು.

ಸ್ಪರ್ಧೆ ಇದರ ಬೆನ್ನಿಗೇ ಬಂತು. 1976ರಲ್ಲಿ ಸ್ವೀಡನ್ನಿನ ಅರ್ನ್‌ಶೋಲ್ಡ್‌ಸ್ವಿಕ್ ಎಂಬಲ್ಲಿ ಮೊದಲ ಚಳಿಗಾಲದ ಪ್ಯಾರಾಲಿಂಪಿಕ್ಸ್ ನಡೆಯಿತು. ಆಗ ಸ್ಪರ್ಧಿಸಿದವರು ಅಂಗಚ್ಛೇದನವಾದವರು ಮತ್ತು ದೃಷ್ಟಿಹೀನರು. ಕೂತು ಜಾರುವವರಿಗೆ ಒಳ್ಳೆಯ ಸಾಧನ ಇನ್ನೂ ರೂಪುಗೊಳ್ಳಬೇಕಿತ್ತು. ಪರ್ವತಾರೋಹಣದಲ್ಲಿ ಬಿದ್ದು ಗಾಲಿಕುರ್ಚಿಗೆ ಬಂದ ಅಮೆರಿಕದ ಎಂಜಿನಿಯರ್ ಪೀಟರ್ ಆಕ್ಸೆಲ್ಸನ್‌ರಂಥವರು ಆ ಕೆಲಸ ಮಾಡಿದರು. ಈಗ ಸ್ಪರ್ಧೆಗಳು ನಿಂತವರು, ಕೂತವರು, ದೃಷ್ಟಿದೋಷ ಇರುವವರು ಎಂಬ ಮೂರು ವಿಭಾಗದಲ್ಲಿ ನಡೆಯುತ್ತವೆ. ಒಂದೇ ವಿಭಾಗದೊಳಗೂ ಒಬ್ಬರಿಗೆ ಹೊಟ್ಟೆಯ ಸ್ನಾಯು ಕೆಲಸ ಮಾಡುತ್ತದೆ, ಇನ್ನೊಬ್ಬರಿಗೆ ಇಲ್ಲ. ಅದಕ್ಕೆ ಗಡಿಯಾರವನ್ನೇ ಹೊಂದಿಸುತ್ತಾರೆ. ವೈಕಲ್ಯದ ಪ್ರಮಾಣಕ್ಕೆ ತಕ್ಕ ಒಂದು ಗುಣಕ, ಅದು 0.8 ಎಂದಿದ್ದರೆ 60 ಸೆಕೆಂಡಿನಲ್ಲಿ ಇಳಿದವರ ಸಮಯ 48 ಸೆಕೆಂಡ್ ಎಂದು ದಾಖಲಾಗುತ್ತದೆ. ಈ ಲೆಕ್ಕ ಸರಿಯೋ ತಪ್ಪೋ ಎಂಬ ಜಗಳ ಆಟದೊಳಗೆ ಇಂದಿಗೂ ಮುಗಿದಿಲ್ಲ.

ಸರ್ಕಾರವೊಂದು ಮನಸ್ಸು ಮಾಡಿದರೆ ಎಷ್ಟು ಬೇಗ ಚಿತ್ರ ಬದಲಾಗುತ್ತದೆ ಎಂಬುದಕ್ಕೆ ಚೀನಾ ಸಾಕ್ಷಿ. 2002ರಲ್ಲಿ ಮೊದಲ ಸಲ ಚಳಿಗಾಲದ ಪ್ಯಾರಾಲಿಂಪಿಕ್ಸ್‌ಗೆ ಹೋದ ಆ ದೇಶಕ್ಕೆ ಮೊದಲ ಪದಕ ಸಿಕ್ಕಿದ್ದು 2018ರಲ್ಲಿ, ಅದೂ ಗಾಲಿಕುರ್ಚಿ ಕರ್ಲಿಂಗ್‌ನಲ್ಲಿ. ನಾಲ್ಕೇ ವರ್ಷದ ನಂತರ ಬೀಜಿಂಗ್‌ನಲ್ಲಿ 18 ಚಿನ್ನ ಸೇರಿ 61 ಪದಕ ಗೆದ್ದು ಪಟ್ಟಿಯ ತಲೆಯಲ್ಲಿ ನಿಂತಿತು. ಆ 2022ರ ಕೂಟದವರೆಗೆ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಒಬ್ಬ ಸ್ಪರ್ಧಿಯೂ ಇಳಿದಿರಲಿಲ್ಲ. ಗುಲ್ಮಾರ್ಗ್, ಔಲಿಯ ಇಳಿಜಾರುಗಳು ನಮ್ಮಲ್ಲೇ ಇವೆ. 2021ರ ಸೆಪ್ಟೆಂಬರ್‌ನಲ್ಲಿ ಅಂಗವಿಕಲರ ತಂಡವೊಂದು ಸಿಯಾಚಿನ್ ಹಿಮನದಿಯ ಮೇಲೆ 15 ಸಾವಿರ ಅಡಿಗೂ ಎತ್ತರದ ಕುಮಾರ್ ಪೋಸ್ಟ್‌ವರೆಗೆ ನಡೆದು ಬಂದಿದೆ. ಹಿಮಕ್ಕೂ ಕೆಚ್ಚಿಗೂ ಕೊರತೆಯಿಲ್ಲ ಎಂದಾಯಿತು.

ಕರ್ನಾಟಕದಿಂದ ಹಿಮಕ್ಕೆ ಹೋದವರೇ ಇಲ್ಲವೆಂದೇನಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಚಿನ್ನ ಗೆದ್ದು, ದೇಶದ ಪರವಾಗಿ ವಿದೇಶಗಳಲ್ಲಿ ಸ್ಪರ್ಧಿಸಿದ್ದಾರೆ. ಅವರದು ಅಂಗವಿಕಲರ ವಿಭಾಗವಲ್ಲ. ಆದರೂ ಆ ಉದಾಹರಣೆಗೆ ಇಲ್ಲೊಂದು ಬೆಲೆ ಇದೆ, ಏಕೆಂದರೆ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನ ಅರ್ಧ ತಯಾರಿ ಹಿಮದ ಹೊರಗೇ ನಡೆಯುತ್ತದೆ. ಚಕ್ರವಿರುವ ರೋಲರ್ ಸ್ಕೀ ಕಟ್ಟಿ ಡಾಂಬರು ರಸ್ತೆಯಲ್ಲಿ ಓಡುವುದು ಈ ಆಟದವರ ಬೇಸಿಗೆಯ ದಿನಚರಿ. ಕೂತು ಆಡುವವರಿಗೆ ಬೇಕಾದದ್ದು ತೋಳು, ಭುಜ, ಎದೆಯ ಬಲ. ಉಕ್ರೇನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಒಕ್ಸಾನಾ ಮಾಸ್ಟರ್ಸ್ ರೋಯಿಂಗ್, ಕೈಸೈಕಲ್, ಸ್ಕೀ ಮೂರರಲ್ಲೂ ಪ್ಯಾರಾಲಿಂಪಿಕ್ ಪದಕ ಗೆದ್ದದ್ದು ಈ ಬಲದಿಂದಲೇ. ನಮ್ಮ ಹಳ್ಳಿಗಳಲ್ಲಿ ಅಲಿಮ್ಕೊ ಕಂಪನಿಯ ಮೂರು ಗಾಲಿ ಸೈಕಲ್ಲನ್ನು ಕೈಯಲ್ಲಿ ತಿರುಗಿಸಿಕೊಂಡು ಸಂತೆಗೆ ಹೋಗಿ ಬರುವವರ ಭುಜ ನೋಡಿದರೆ ಇದು ಪುಸ್ತಕದ ಮಾತಲ್ಲ ಎಂದು ತಿಳಿಯುತ್ತದೆ.

ಪರ್ವತದ ಆಟಗಳಲ್ಲಿ ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಬೆಂಗಳೂರಿನ ಮಣಿಕಂಠನ್ ಕುಮಾರ್. ಪೋಲಿಯೊದಿಂದ ಒಂದು ಕಾಲು ಸೊರಗಿದ ಅವರು 2012ರಲ್ಲಿ ಪ್ಯಾರಿಸ್‌ನ ಪ್ಯಾರಾ-ಕ್ಲೈಂಬಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದರು. ಅದೇ ವರ್ಷ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಅವರಿಗೂ ಹಿಂದೆ ಮಾಲತಿ ಹೊಳ್ಳ ಇದ್ದಾರೆ: ಒಂದು ವರ್ಷದ ಕೂಸಾಗಿದ್ದಾಗ ಪೋಲಿಯೊ, ಬಾಲ್ಯದ ಬಹುಭಾಗ ಚೆನ್ನೈನ ಅಸ್ಥಿ ಚಿಕಿತ್ಸಾ ಕೇಂದ್ರದಲ್ಲಿ, ಮುಂದೆ 1988ರ ಸೋಲ್ ಪ್ಯಾರಾಲಿಂಪಿಕ್ಸ್, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಗಾಲಿಕುರ್ಚಿ ಟೆನಿಸ್‌ನ ಬೋನಿಫೇಸ್ ಪ್ರಭು, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದ ಈಜುಗಾರ ಶರತ್ ಗಾಯಕವಾಡ್, ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಹಾಸನ ಮೂಲದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ — ಪಟ್ಟಿ ಸಣ್ಣದಲ್ಲ.

ಈ ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಗುಟ್ಟು ಹೊರಬೀಳುತ್ತದೆ. ಹುಟ್ಟೂರು ಯಾವುದೇ ಇರಲಿ, ಆಟ ಕಲಿತ ಊರು ಹೆಚ್ಚಿನವರಿಗೆ ಬೆಂಗಳೂರೇ. ಕಂಠೀರವ ಕ್ರೀಡಾಂಗಣ, ಅಲ್ಲಿನ ಕ್ಲೈಂಬಿಂಗ್ ಗೋಡೆ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ, 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಲ್ಲ ಅಲ್ಲೇ. ಕಲಘಟಗಿಯ ಹುಡುಗನಿಗೆ, ನವಲಗುಂದದ ಹುಡುಗಿಗೆ ಅದು ರಾತ್ರಿಯಿಡೀ ಬಸ್ಸಿನ ದಾರಿ.

ಬೆಂಗಳೂರಿನ ಹೊರಗಿನ ಊರುಗಳು ಹಿಂದೆ ಬೀಳದ ಒಂದು ಆಟವೂ ಇದೆ: ಅಂಧರ ಕ್ರಿಕೆಟ್. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಮಹಾಂತೇಶ ಜಿ. ಕಿವಡಸಣ್ಣವರ 1997ರಲ್ಲಿ ಸಮರ್ಥನಂ ಟ್ರಸ್ಟ್ ಕಟ್ಟಿದರು, ಮುಂದೆ ಅಂಧರ ಕ್ರಿಕೆಟ್ ಸಂಸ್ಥೆಯನ್ನು ದೇಶಮಟ್ಟಕ್ಕೆ ಒಯ್ದರು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕ ಶೇಖರ್ ನಾಯ್ಕ್ ಕ್ರಿಕೆಟ್ ಕಲಿತದ್ದು ಶಿವಮೊಗ್ಗದ ಅಂಧರ ಶಾಲೆಯಲ್ಲಿ. ಈ ಆಟ ಹಬ್ಬಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಂಧ ಮಕ್ಕಳು ವಸತಿ ಶಾಲೆಯಲ್ಲಿ ಒಟ್ಟಿಗೆ ಬೆಳೆಯುತ್ತಾರೆ. ಸದ್ದು ಮಾಡುವ ಚೆಂಡು, ಹನ್ನೊಂದು ಜನ, ಒಂದು ಅಂಗಳ ಅಲ್ಲೇ ಸಿಗುತ್ತವೆ. ಕಾಲಿನ ತೊಂದರೆ ಇರುವ ಮಗು ಹಾಗಲ್ಲ. ಊರಿನ ಸರ್ಕಾರಿ ಶಾಲೆಗೆ ಹೋಗುತ್ತದೆ, ಆಟದ ಪಿರಿಯಡ್ಡಿನಲ್ಲಿ ಉಳಿದವರ ಚಪ್ಪಲಿ ಕಾಯುತ್ತಾ ಕೂರುತ್ತದೆ. ತನ್ನಂಥ ಇನ್ನೊಬ್ಬರನ್ನು ಅದು ಕಾಣುವುದೇ ಅಪರೂಪ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅಂದಿನಿಂದ ಚಿತ್ರ ಬದಲಾಗುತ್ತಿದೆ. ದೇಶದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತವನ್ನು ಪೋಲಿಯೊಮುಕ್ತ ಎಂದು ಘೋಷಿಸಲಾಯಿತು. ಮಾಲತಿ ಹೊಳ್ಳರ ಪೀಳಿಗೆ ಶಿಶುವಾಗಿದ್ದಾಗಲೇ ಅಂಗವೈಕಲ್ಯಕ್ಕೆ ಸಿಕ್ಕಿ ಅದರೊಂದಿಗೇ ಬೆಳೆದದ್ದು. ಇನ್ನು ಬರುವವರಲ್ಲಿ ಹಲವರು ದೊಡ್ಡವರಾದ ಮೇಲೆ ಕಾಲು ಕಳೆದುಕೊಂಡವರು: ರಸ್ತೆ ಅಪಘಾತ, ಕಟ್ಟಡದಿಂದ ಬಿದ್ದದ್ದು, ಸಕ್ಕರೆ ಕಾಯಿಲೆ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಅಪಘಾತಗಳಿಗೆ ಎಷ್ಟು ಕುಖ್ಯಾತವೆಂದು ಈ ಭಾಗದ ಯಾರಿಗೂ ಹೇಳಬೇಕಾಗಿಲ್ಲ. ಮೊನ್ನೆಯವರೆಗೆ ಬೈಕ್ ಓಡಿಸುತ್ತಿದ್ದ, ವಾಲಿಬಾಲ್ ಆಡುತ್ತಿದ್ದ ಇಪ್ಪತ್ತೈದರ ಯುವಕ ಇಂದು ಹಾಸಿಗೆಯ ಮೇಲೆ. ಅವನನ್ನು ಹುಡುಕಲು ಶಾಲೆಗೆ ಹೋದರೆ ಸಿಗುವುದಿಲ್ಲ, ಆಸ್ಪತ್ರೆಗೇ ಹೋಗಬೇಕು.

ಈ ದೃಷ್ಟಿಯಿಂದ ಹುಬ್ಬಳ್ಳಿಯ ಕೈಯಲ್ಲಿ ಒಳ್ಳೆಯ ಎಲೆಗಳೇ ಇವೆ. ವಿದ್ಯಾನಗರದಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸುತ್ತಲ ಜಿಲ್ಲೆಗಳ ಅಪಘಾತದ ಗಾಯಾಳುಗಳು ಬರುವುದು ಅಲ್ಲಿಗೆ. ಅದೇ ಆವರಣದಲ್ಲಿ ಅಖಿಲ ಭಾರತ ಜೈನ್ ಯೂಥ್ ಫೆಡರೇಷನ್ನಿನ ಮಹಾವೀರ ಲಿಂಬ್ ಸೆಂಟರ್ ಉಚಿತವಾಗಿ ಕೃತಕ ಕಾಲು ಜೋಡಿಸುತ್ತದೆ. ಜೈಪುರ ಕಾಲು ತಯಾರಾಗುವ ಕ್ರಮ ಸರಳ. ಉಳಿದ ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ, ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು ಕಾಲಿನ ಪಡಿಯಚ್ಚು ಮಾಡುತ್ತಾರೆ, ನೀರಿನ ಪೈಪಿಗೆ ಬಳಸುವಂಥ ಎಚ್‌ಡಿಪಿಇ ಕೊಳವೆಯನ್ನು ಮೆತ್ತಗಾಗುವವರೆಗೆ ಕಾಯಿಸಿ ಅದರ ಮೇಲೆ ಎಳೆಯುತ್ತಾರೆ, ಆರಿದ ಮೇಲೆ ಬುಡಕ್ಕೆ ರಬ್ಬರಿನ ಪಾದ ಕೂರಿಸುತ್ತಾರೆ. ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಥಿ 1960ರ ದಶಕದ ಕೊನೆಗೆ ರೂಪಿಸಿದ ಈ ಪಾದ ತೊಟ್ಟು ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿನ ಹೊಲಕ್ಕೂ ಇಳಿಯಬಹುದು. ಬದುಕಿಗೆ ಬೇಕಾದ್ದು ಸಿಕ್ಕಿತು.

ಮೈಯಳತೆಗೆ ಅಚ್ಚು ತೆಗೆಯುವ ಈ ಕೈಚಳಕವೇ ಮೊನೊ-ಸ್ಕೀಯ ಸೀಟಿಗೂ, ಓಟದ ಗಾಲಿಕುರ್ಚಿಯ ಸೀಟಿಗೂ ಬೇಕಾಗಿರುವುದು. ಚೌಕಟ್ಟು, ಬೇರಿಂಗ್, ಸಸ್ಪೆನ್ಷನ್ ಗೋಕುಲ ರೋಡಿನ ಕೈಗಾರಿಕಾ ವಸಾಹತಿಗೆ ದೊಡ್ಡ ಮಾತಲ್ಲ. ಕೈಗಾರಿಕಾ ವಾಲ್ವ್‌ಗಳನ್ನು ಹೊರದೇಶಕ್ಕೆ ಕಳಿಸುವ ಊರು ಇದು. ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೇ ವಿದ್ಯಾನಗರದಲ್ಲಿದೆ, ಧಾರವಾಡದಲ್ಲಿ ಐಐಟಿ ಇದೆ. ವಿದೇಶಿ ಕ್ರೀಡಾ ಗಾಲಿಕುರ್ಚಿಯ ಬೆಲೆ ಲಕ್ಷದ ಲೆಕ್ಕದಲ್ಲಿ ಇರುವಾಗ, ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದಕ್ಕಿಂತ ಉಪಯೋಗದ ವಿಷಯ ಸಿಗುವುದು ಕಷ್ಟ.

ಓಡಾಟದ ಮಾತೂ ಬರುತ್ತದೆ. ಸಾಮಾನ್ಯ ಬಸ್ಸಿನ ಎತ್ತರದ ಮೆಟ್ಟಿಲು ಗಾಲಿಕುರ್ಚಿಗೆ ಗೋಡೆಯಿದ್ದಂತೆ. 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ತ್ವರಿತ ಬಸ್ ಸಾರಿಗೆ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಅವಳಿ ನಗರದ ಒಂದು ತುದಿಯಿಂದ ಇನ್ನೊಂದಕ್ಕೆ ಗಾಲಿಕುರ್ಚಿಯಲ್ಲೇ ಹೋಗಬಹುದು ಎಂಬ ಲೆಕ್ಕದಲ್ಲಿ ರಾಜ್ಯದ ಹೆಚ್ಚಿನ ಊರುಗಳಿಗೆ ಇಲ್ಲದ ಅನುಕೂಲ ಇದು. ತೊಡಕಿರುವುದು ನಿಲ್ದಾಣ ತಲುಪುವುದರಲ್ಲಿ: ರಸ್ತೆಯ ನಟ್ಟನಡುವೆ ಇರುವ ಕಟ್ಟೆಗೆ ವಾಹನಗಳ ಸಾಲು ದಾಟಿಯೇ ಹೋಗಬೇಕು. ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಓಟದ ಟ್ರ್ಯಾಕ್ ಇದೆ, ಊರಲ್ಲಿ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವೂ ಇದೆ.

ಆಸ್ಪತ್ರೆಯೂ ಇದೆ, ಮೈದಾನವೂ ಇದೆ. ಎರಡರ ನಡುವಿನ ಮನುಷ್ಯ ಇಲ್ಲ. ಡೆನ್ವರ್‌ನ ವೈದ್ಯರು ಮಕ್ಕಳನ್ನು ಕಳಿಸಲು ಮುಂದಾದಾಗ ಆಚೆ ದಡದಲ್ಲಿ ಓ'ಲಿಯರಿ ನಿಂತಿದ್ದರು. ನೆರೆಯ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ ಕತೆಯೂ ಹೀಗೆಯೇ. ಸೇನೆಯಲ್ಲಿ ಬಾಕ್ಸರ್ ಆಗಿದ್ದ ಅವರು 1965ರ ಯುದ್ಧದಲ್ಲಿ ಗುಂಡೇಟು ತಿಂದು ಆಸ್ಪತ್ರೆ ಸೇರಿದರು, ಚಿಕಿತ್ಸೆಯ ಭಾಗವಾಗಿ ಈಜಲು ಶುರುಮಾಡಿದರು. 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನ ಚಿನ್ನ ಅವರದಾಯಿತು. ಅದು ಭಾರತದ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಸೇನೆಯ ಆಸ್ಪತ್ರೆಯ ಹಿಂದೆ ಸೇನೆಯ ಕ್ರೀಡಾ ವ್ಯವಸ್ಥೆಯೂ ಇತ್ತು. ಬೈಪಾಸಿನಲ್ಲಿ ಬಿದ್ದ ಯುವಕನಿಗೆ ಫಿಸಿಯೋಥೆರಪಿ ಮುಗಿದ ದಿನ ಸಿಗುವುದು ಡಿಸ್ಚಾರ್ಜ್ ಕಾಗದ ಮಾತ್ರ. ಮನೆಗೆ ಹೋದರೆ "ಸುಮ್ಮ ಕುಂದ್ರಪಾ, ಬಿದ್ದರ ಯಾರ್ ನೋಡ್ತಾರ?" ಎಂಬ ಅಕ್ಕರೆಯ ಕಟ್ಟಪ್ಪಣೆ.

ವರ್ಷಕ್ಕೊಮ್ಮೆ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಸುತ್ತಮುತ್ತ ಜಿಲ್ಲೆಗಳಲ್ಲಿ ಕ್ರೀಡಾಕೂಟ ನಡೆಯುತ್ತದೆ. ಗುಂಡು ಎಸೆತ, ಓಟ, ಮ್ಯೂಸಿಕಲ್ ಚೇರ್, ಪ್ರಮಾಣಪತ್ರ, ಊಟ. ಇದನ್ನು ಹಗುರವಾಗಿ ಕಾಣಬೇಕಿಲ್ಲ. ಎಷ್ಟೋ ಮಂದಿಗೆ ಮನೆಯಿಂದ ಹೊರಬರಲು ಅದೊಂದೇ ನೆಪ. ಆದರೆ ಮರುದಿನ ಬೆಳಗ್ಗೆ ಅದೇ ಮೈದಾನಕ್ಕೆ ಅವರು ಬಂದರೆ ಗುಂಡು ಕೊಡುವವರು ಯಾರು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಕ್ರೀಡೆಯಲ್ಲಿ ಅಂಗವಿಕಲರ ಭಾಗವಹಿಸುವಿಕೆ, ಅದಕ್ಕೆ ತಕ್ಕ ಸೌಲಭ್ಯ, ತಂತ್ರಜ್ಞಾನ, ಅನುದಾನ ಎಲ್ಲವನ್ನೂ ಸರ್ಕಾರದ ಹೊಣೆ ಎನ್ನುತ್ತದೆ. ಕರ್ನಾಟಕದಲ್ಲಿ ಅಂಗವಿಕಲರ ವಿಷಯಕ್ಕೆ ಒಂದು ಇಲಾಖೆ, ಕ್ರೀಡೆಗೆ ಇನ್ನೊಂದು, ಆಸ್ಪತ್ರೆಗೆ ಮತ್ತೊಂದು. ಒಬ್ಬನೇ ವ್ಯಕ್ತಿ ಮೂರು ಕಚೇರಿಗಳ ಮೆಟ್ಟಿಲು ಹತ್ತಬೇಕು, ಮೆಟ್ಟಿಲೇ ಅವನ ಸಮಸ್ಯೆಯಾಗಿರುವಾಗ.

ಹಣವನ್ನು ಪದಕ ಗೆಲ್ಲುವವರಿಗೆ ಕೊಡಬೇಕೋ, ಆಡಲು ಬರುವ ಎಲ್ಲರಿಗೂ ಹಂಚಬೇಕೋ ಎಂಬ ವಾದವೂ ಇದೆ. 2024ರ ಪ್ಯಾರಿಸ್‌ನಲ್ಲಿ ಭಾರತ 29 ಪದಕ ಗೆದ್ದ ಮೇಲೆ ಮೊದಲಿನ ಪಕ್ಷಕ್ಕೆ ಬಲ ಬಂದಿದೆ. ಪದಕದ ಬಹುಮಾನವೇ ಬಡ ಮನೆಗಳ ಬದುಕು ಬದಲಿಸಿರುವಾಗ ಆ ವಾದವನ್ನು ತಳ್ಳಿಹಾಕಲಾಗದು. ಆದರೆ ವಿಂಟರ್ ಪಾರ್ಕಿಗೆ ಹೋದ 23 ಮಕ್ಕಳನ್ನು ಯಾರೂ ಪದಕಕ್ಕಾಗಿ ಆರಿಸಿರಲಿಲ್ಲ. ಕೆಳಗಿನ ಸಾಲು ಅಗಲವಾಗಿರುವ ದೇಶಗಳೇ ಮೇಲಿನ ಸಾಲಿಗೂ ಹೆಚ್ಚು ಜನರನ್ನು ಕಳಿಸಿವೆ. ಪತ್ರಿಕೆಗಳ "ಛಲದ ಸಾಧಕ" ಎಂಬ ತಲೆಬರಹದಿಂದ ಈ ಕೆಳಗಿನ ಸಾಲು ಕಾಣದಾಗುತ್ತದೆ. ಛಲ ಇಲ್ಲದ, ಬರೀ ಭಾನುವಾರ ಬೇಜಾರಾದ ಒಬ್ಬ ಅಂಗವಿಕಲನೂ ಆಡಲು ಬರಬಹುದು ಎಂಬುದನ್ನು ನಮ್ಮ ವರದಿಗಾರಿಕೆ ಇನ್ನೂ ಒಪ್ಪಿಕೊಂಡಿಲ್ಲ.

ಆರಂಭಕ್ಕೆ ಬೇಕಾದದ್ದು ಕೋಟಿಗಳ ಯೋಜನೆಯಲ್ಲ. ತಿಂಗಳಿಗೊಂದು ಗೊತ್ತಾದ ಭಾನುವಾರ, ಎರಡು ಮೂರು ಕ್ರೀಡಾ ಗಾಲಿಕುರ್ಚಿ, ಕುಳಿತು ಎಸೆಯುವವರಿಗೆ ನೆಲಕ್ಕೆ ಬಿಗಿದ ಒಂದು ಚೌಕಟ್ಟು, ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ಕೋಚ್, ಡಿಸ್ಚಾರ್ಜ್ ಕಾಗದದ ಜತೆ ಇದರ ವಿಳಾಸವಿರುವ ಒಂದು ಚೀಟಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರ ಮನೆ ಮನೆ ಬಲ್ಲ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ. ಸುದ್ದಿ ತಲುಪಿಸಲು ಅವರೇ ಸಾಕು. ಸಾಹಸದ ಆಟವೇ ಬೇಕೆನ್ನುವವರಿಗೆ ಬಾದಾಮಿಯ ಕೆಂಬಂಡೆಗಳು ದೂರವಿಲ್ಲ. ದೇಶದ ಬಂಡೆ ಹತ್ತುವ ಸಾಹಸಿಗಳೆಲ್ಲ ಹುಡುಕಿಕೊಂಡು ಬರುವ ಜಾಗ ಅದು. 2028ರ ಲಾಸ್ ಏಂಜಲೀಸ್ ಪ್ಯಾರಾಲಿಂಪಿಕ್ಸ್‌ಗೆ ಪ್ಯಾರಾ-ಕ್ಲೈಂಬಿಂಗ್ ಮೊದಲ ಬಾರಿ ಸೇರ್ಪಡೆಯಾಗಿದೆ. ಅದಕ್ಕೆ ಹಿಮ ಬೇಡ, ಗುಲ್ಮಾರ್ಗ್‌ನ ಟಿಕೆಟ್ ಬೇಡ; ಹಗ್ಗ ಹಿಡಿಯಲು ಕೆಳಗೊಬ್ಬ ಕಲಿತವನು ಬೇಕು, ಮತ್ತು ಕಿಮ್ಸ್‌ನ ವಾರ್ಡಿನಲ್ಲಿ ಮಲಗಿರುವವನಿಗೆ ಆ ಸಂಗತಿಯನ್ನು ಯಾರಾದರೂ ಹೋಗಿ ಹೇಳಬೇಕು.